ಅತಿಥಿ ರಕ್ಷೆ: ಉಪ್ಪಿನದೋ, ಹೊಸ್ತಿಲಿನದೋ?

ಫ್ಯಾಂಟಸಿ ಕತೆಯಲ್ಲಿ ಅತಿಥಿಗೆ ರಕ್ಷಣೆ (ಮನೆಗೆ ಬಂದವನಿಗೆ ಆತಿಥೇಯ ಕೇಡು ಮಾಡುವಂತಿಲ್ಲ, ಮಾಡಲು ಬಿಡುವಂತಿಲ್ಲ ಎಂಬ ನಿಯಮ) ಯಾವ ಗಳಿಗೆಯಿಂದ ಶುರು ಅನ್ನುವುದನ್ನು ಮೊದಲು ತೀರ್ಮಾನಿಸಿ. ಉಪ್ಪು-ರೊಟ್ಟಿ ತಿಂದ ಮೇಲೆ ಅಂತಿಟ್ಟರೆ ಕತೆಗಾರನಿಗೆ ಲಾಭ ಜಾಸ್ತಿ: ಆತಿಥೇಯ ತಟ್ಟೆ ತರಲು ಬೇಕಂತಲೇ ತಡಮಾಡಬಹುದು, ಅತಿಥಿ ತುತ್ತನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದು ಕೂರಬಹುದು. ಆದರೆ ಉಂಡದ್ದಕ್ಕೆ ಸಾಕ್ಷಿ ಇರಲಿ. ಇಲ್ಲದಿದ್ದರೆ "ಅವನು ಮುಟ್ಟಲೇ ಇಲ್ಲ" ಎಂದು ಜಾರಿಕೊಳ್ಳುತ್ತಾರೆ. (ಅದೂ ಒಂದು ಕತೆಯೇ, ಬಿಡಿ.)

ಹೊಸ್ತಿಲು ದಾಟಿದರೆ ಸಾಕು ಅನ್ನುವ ನಿಯಮ ಬೆನ್ನಟ್ಟುವ ದೃಶ್ಯಕ್ಕೆ ಸರಿ. ತೊಂದರೆಯೆಂದರೆ, ಕೊಲೆಗಾರನೂ ಒಳಗೆ ನುಗ್ಗಿ ಬಚಾವಾಗುತ್ತಾನೆ. ಹಾಗಾಗಿ ಅವಧಿ ಹಾಕಿ. ಅರಬ್ ಮರುಭೂಮಿಯ ಅಲೆಮಾರಿಗಳಾದ ಬೆಡೂಯಿನ್ ಜನರ ಸಂಪ್ರದಾಯದಲ್ಲಿ ಅತಿಥಿಗೆ ಸಿಗುವ 3 ದಿನದ ರಕ್ಷಣೆ ಒಳ್ಳೆಯ ಮಾದರಿ. ನಾಲ್ಕನೆಯ ಬೆಳಿಗ್ಗೆ ಹತ್ತಿರವಾದಂತೆ ಕತೆ ತಾನೇ ಬಿಗಿಯಾಗುತ್ತದೆ.

ದ್ರೋಹವೇ ತಿರುವಾದರೆ ಉಪ್ಪನ್ನೇ ಆರಿಸಿ. ದ್ರೋಹಕ್ಕೂ ಮುಂಚೆ ನಿಯಮ ಎರಡು ಸಲವಾದರೂ ಪಾಲನೆಯಾಗಲಿ, ಒಮ್ಮೆ ಆತಿಥೇಯನಿಗೆ ನಷ್ಟವೂ ಆಗಲಿ.