ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟವರೇ, ವಿಮೆಯ ಕಾಗದ ತೆಗೆದು ಓದಿ

ಮೈಸೂರಿನಿಂದ ಹೊರಡುವಾಗ ಅಂಟಿನುಂಡೆ ಪುಡಿಯಾಗದಂತೆ ಡಬ್ಬಿಗೆ ಬಟ್ಟೆ ಸುತ್ತಿ ಕಟ್ಟಲು ಅರ್ಧ ದಿನ ಕಳೆದೆ. ಟಿಕೆಟಿನ ಜೊತೆ ಏಜೆಂಟ್ ಕೈಗಿಟ್ಟ ವಿಮೆಯ ಕಾಗದಕ್ಕೆ ಅರ್ಧ ನಿಮಿಷವನ್ನೂ ಕೊಡಲಿಲ್ಲ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ‘ಓದಿ ಸಹಿ ಹಾಕಿ’ ಎಂದು ಊರಿಗೆಲ್ಲ ಹೇಳಿದವಳು ನಾನು! ಮೇಲೆ ದಪ್ಪಕ್ಷರದಲ್ಲಿ 50,000 ಡಾಲರ್ ಎಂದಿತ್ತು, ಅಷ್ಟಕ್ಕೇ ನೆಮ್ಮದಿಯಾಗಿಬಿಟ್ಟೆ.

ನ್ಯೂಜೆರ್ಸಿಯ ಎಡಿಸನ್ ತಲುಪಿದ ವಾರದೊಳಗೆ, ಒಂದು ಶುಕ್ರವಾರ, ಉರಿಮೂತ್ರ ಶುರುವಾಯಿತು. ಮಗಳ ಹೊಲಿಗೆ ಇನ್ನೂ ಮಾಗಿರಲಿಲ್ಲ, ಕೂಸಿಗೆ ಹಗಲು ರಾತ್ರಿಯ ಅರಿವಿಲ್ಲ. ನೋಡಿಕೊಳ್ಳಲು ಬಂದವಳೇ ಮಲಗಿದರೆ ಹೇಗೆ ಎಂದು ಬಾಯಿ ಬಿಡಲಿಲ್ಲ. ಬಾರ್ಲಿ ನೀರು ಕುಡಿದೆ. ಹಿಂದೆಂದೋ ಮೆಡಿಕಲ್ ಶಾಪಿನಿಂದ ತಂದು ಉಳಿದಿದ್ದ ಎರಡು ಆ್ಯಂಟಿಬಯೋಟಿಕ್ ಮಾತ್ರೆಗಳನ್ನೂ ನುಂಗಿದೆ. ಭಾನುವಾರ ರಾತ್ರಿ ಸೊಂಟದ ಮೇಲ್ಭಾಗ ಹಿಡಿದುಕೊಂಡು, ಹಲ್ಲು ಕಟಕಟಿಸುವ ಚಳಿ. ಜ್ವರ 102.6. ಅಳಿಯ ಕಾರು ತೆಗೆದರು.

ಎಮರ್ಜೆನ್ಸಿಯಲ್ಲಿ ನರ್ಸ್ ಕೈಗೆ ಪಟ್ಟಿ ಕಟ್ಟಿ, ಬಿಸಿ ಮಾಡಿದ ಹೊದಿಕೆ ಹೊದಿಸಿ, ಏನು ತೊಂದರೆ ಎಂದು ಕೇಳಿದಳು. ಅಳಿಯನ ಎದುರು ಹೇಗೆ ಹೇಳಲಿ? ‘ಹೊಟ್ಟೆನೋವು’ ಎಂದಷ್ಟೇ ಅಂದೆ. ನನ್ನ ಮುಖ ನೋಡಿ ಅವಳಿಗೇನು ಹೊಳೆಯಿತೋ, ಅವರನ್ನು ಹೊರಗೆ ಕಳಿಸಿ ಫೋನನ್ನು ಸ್ಪೀಕರಿಗೆ ಹಾಕಿದಳು. ಆ ಕಡೆಯಿಂದ ಅಚ್ಚ ಕನ್ನಡದಲ್ಲಿ ಒಂದು ಹೆಣ್ಣುದನಿ, ‘ಅಮ್ಮ, ಮೂತ್ರ ಮಾಡುವಾಗ ಉರಿ ಇದೆಯೇ?’ ಎಂದು ಕೇಳಿತು. ಅಲ್ಲಿಯವರೆಗೆ ತಡೆದಿದ್ದ ಕಣ್ಣೀರು ಆಗ ಬಂತು. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಅಲ್ಲಿ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು, ಸಂಕೋಚವಿಲ್ಲದೆ ಕೇಳಿ. ‘ಡೋಲೋ ತೆಗೆದುಕೊಂಡೆ’ ಎಂದರೆ ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ನಮ್ಮ ಪ್ಯಾರಾಸಿಟಮಾಲನ್ನು ಅವರು ಅಸಿಟಮಿನೊಫೆನ್ ಎನ್ನುತ್ತಾರೆ. ಮಾತ್ರೆಗಳ ಕಂಪನಿ ಹೆಸರಿನ ಬದಲು ಔಷಧದ ಹೆಸರನ್ನೇ ಡಾಕ್ಟರಿಂದ ಬರೆಸಿಕೊಂಡು ಹೋಗಿ.

ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ನಾನು ನುಂಗಿದ್ದ ಎರಡು ಮಾತ್ರೆಗಳಿಂದ ರೋಗಾಣು ಸಾಯಲಿಲ್ಲ, ಆದರೆ ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ಅದು ಸರಿಯಾಗಿ ಕಾಣಿಸದೆ ಹೋಗಬಹುದು ಎಂದು ಡಾಕ್ಟರ್ ಗದರಿದರು. ಸಿ.ಟಿ. ಸ್ಕ್ಯಾನ್, ರಕ್ತಪರೀಕ್ಷೆ, ಡ್ರಿಪ್, ಬೆಳಗಿನ ಜಾವಕ್ಕೆ ಮನೆ. ಚಿಕಿತ್ಸೆಯಲ್ಲಿ ಒಂದು ಕೊರತೆಯನ್ನೂ ಹೇಳುವಂತಿಲ್ಲ.

ಬಿಲ್ಲು ಬಂದದ್ದು ಆಮೇಲೆ, ಒಂದಲ್ಲ, ಮೂರು ಲಕೋಟೆಗಳಲ್ಲಿ. ಆಸ್ಪತ್ರೆಯದು 6,310 ಡಾಲರ್. ನೋಡಿದ ಡಾಕ್ಟರದು ಬೇರೆ, 1,140. ಸ್ಕ್ಯಾನ್ ಓದಿದವರದು ಮತ್ತೂ ಬೇರೆ, 285. ನಮ್ಮಲ್ಲಿಯಂತೆ ಡಿಸ್‌ಚಾರ್ಜ್ ಹೊತ್ತಿಗೆ ಒಂದೇ ಬಿಲ್ಲು ಎಂದುಕೊಂಡಿದ್ದ ನನಗೆ ಅಂಚೆಪೆಟ್ಟಿಗೆ ಕಂಡರೇ ಎದೆ ಧಸಕ್ಕೆನ್ನತೊಡಗಿತು.

ಆಗ ಓದಿದೆ ಪಾಲಿಸಿಯನ್ನು. ನನ್ನದು ‘ಫಿಕ್ಸೆಡ್ ಬೆನಿಫಿಟ್’. 50,000 ಎಂಬುದು ಒಟ್ಟು ಮಿತಿ. ಒಳಗೆ ಪ್ರತಿ ಬಾಬತ್ತಿಗೂ ಗೆರೆ ಎಳೆದಿದ್ದಾರೆ. ಎಮರ್ಜೆನ್ಸಿಗೆ 330, ಸ್ಕ್ಯಾನಿಗೆ 475, ಲ್ಯಾಬಿಗೆ 100. ಅದನ್ನೂ ಮೊದಲು ಕೊಡಲಿಲ್ಲ. ‘ನಿಮಗೆ ಮೊದಲೇ ಸಕ್ಕರೆ ಕಾಯಿಲೆ ಇತ್ತು’ ಎಂದು ಅರ್ಜಿ ತಿರಸ್ಕರಿಸಿದರು. ಡಾಕ್ಟರ ಪತ್ರ ಹಚ್ಚಿ ಮತ್ತೆ ಬರೆದ ಮೇಲೆ 905 ಡಾಲರ್ ಬಂತು. ‘ಕಾಂಪ್ರಹೆನ್ಸಿವ್’ ಎಂಬ ಇನ್ನೊಂದು ಬಗೆ ಇದೆ. ಅದರಲ್ಲಿ ಮೊದಲು ನಾವು ಭರಿಸಬೇಕಾದ ಮೊತ್ತ ಕಳೆದು, ಉಳಿದದ್ದರಲ್ಲಿ ಬಹುಪಾಲನ್ನು ಕಂಪನಿ ಕೊಡುತ್ತದೆ. ಕಂತು ಹೆಚ್ಚು, ನಿಜ. ನಾನು ಉಳಿಸಿದ ಕಂತಿನ ಹಣದಲ್ಲಿ ಒಂದು ರೇಷ್ಮೆ ಸೀರೆಯೂ ಬರುತ್ತಿರಲಿಲ್ಲ. ಹಳೆಯ ಕಾಯಿಲೆಯ ವಿಷಯದಲ್ಲಿ ಎರಡೂ ಬಗೆಯವರು ಜಿಪುಣರೇ. ಆ ಷರತ್ತನ್ನು ಮಾತ್ರ ಎರಡು ಸಲ ಓದಿ.

ಅಳಿಯ ಆಸ್ಪತ್ರೆಗೆ ಫೋನ್ ಮಾಡಿ ಬಾಬತ್ತುವಾರು ಬಿಲ್ಲು ತರಿಸಿದರು. ಒಂದೇ ರಕ್ತಪರೀಕ್ಷೆ ಎರಡು ಕಡೆ ಇತ್ತು. ಅದನ್ನು ತೆಗೆದು, ಒಟ್ಟಿಗೆ ಕಟ್ಟುತ್ತೇವೆ ಎಂದ ಮೇಲೆ ರಿಯಾಯಿತಿಯೂ ಸೇರಿ 3,790ಕ್ಕೆ ಇಳಿಯಿತು. ತರಕಾರಿ ಚೌಕಾಸಿ ಮಾಡಿದಂತೆ ಆಸ್ಪತ್ರೆ ಬಿಲ್ಲನ್ನೂ ಮಾಡಬಹುದೆಂದು ಅಲ್ಲಿಯೇ ಕಲಿತೆ. ಆದರೂ ಉಳಿದೆರಡು ಬಿಲ್ಲು ಸೇರಿ, ವಿಮೆಯವರು ಕೊಟ್ಟದ್ದು ಕಳೆದು, ಕೈಯಿಂದ ಹೋದದ್ದು 4,310 ಡಾಲರ್.

ಇದೆಲ್ಲಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಬೇರೆ. ಮನೆಯಿಂದ ಎರಡು ಮೈಲಿ ದೂರದಲ್ಲಿ, ಔಷಧಿ ಅಂಗಡಿಯ ಪಕ್ಕದಲ್ಲೇ, ಒಂದು ಅರ್ಜೆಂಟ್ ಕೇರ್, ಅಂದರೆ ಪ್ರಾಣಾಪಾಯವಿಲ್ಲದ ಕಾಯಿಲೆಗಳನ್ನು ಆಗಲೇ ನೋಡುವ ಚಿಕಿತ್ಸಾಲಯ, ಇದೆ. ಶನಿವಾರವೂ ತೆರೆದಿರುತ್ತದೆ. ವಿಮೆ ಇಲ್ಲದವರಿಗೆ 175 ಡಾಲರ್ ಎಂದು ಒಳಗೆ ಬರೆದು ಹಾಕಿದ್ದಾರೆ. ಶುಕ್ರವಾರವೇ ಬಾಯಿ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಇಂಥವಕ್ಕಾದರೆ ಹಣದ ಯೋಚನೆ ಮಾಡದೆ 911ಕ್ಕೆ ಕರೆ ಮಾಡಿ. 1986ರ ಕಾನೂನಿನ ಪ್ರಕಾರ ದುಡ್ಡಿಲ್ಲವೆಂದು ಎಮರ್ಜೆನ್ಸಿಯಲ್ಲಿ ತಪಾಸಣೆ ಮಾಡದೆ ಕಳಿಸುವಂತಿಲ್ಲ. ಬಿಲ್ಲು ಬಿಡುವುದಿಲ್ಲ, ಅದು ಬೇರೆ ಮಾತು.

ನನ್ನ ನಾದಿನಿ ಮಾರ್ಚಿನಲ್ಲಿ ಡಲ್ಲಾಸಿಗೆ ಹೊರಟಿದ್ದಾಳೆ. ಮೊನ್ನೆ ಫೋನಿನಲ್ಲಿ ಯಾವ ಪಾಲಿಸಿ ಎಂದು ಕೇಳಿದೆ. ‘50,000 ಡಾಲರಿನದು, ಅತ್ತಿಗೆ’ ಎಂದಳು. ಕನ್ನಡಕ ಹಾಕಿಕೊಂಡು ಎರಡನೆಯ ಪುಟ ತೆಗೆ, ನಾನು ಕಾಯುತ್ತೇನೆ ಎಂದೆ.