ದಿನಾ ಹಾಕುವ ಒಡವೆ, ಪೆಟ್ಟಿಗೆಯಲ್ಲಿಡುವ ಒಡವೆ: 12 ವರ್ಷ ಬಳಸಿದ ಮೇಲೆ

ಹೋದ ವಾರ ಮಾಂಗಲ್ಯದ ಸರವನ್ನು ತೂಕಕ್ಕೆ ಹಾಕಿಸಿದೆ. 2013ರಲ್ಲಿ ಮಾಡಿಸಿದಾಗ ಚೀಟಿಯಲ್ಲಿ 23.860 ಗ್ರಾಂ ಅಂತ ಬರೆದಿತ್ತು. ಈಗ 23.390. ಹತ್ತಿರ ಹತ್ತಿರ ಅರ್ಧ ಗ್ರಾಂ ಚಿನ್ನ ಕಾಣೆಯಾಗಿದೆ. ಯಾರೂ ಕದ್ದಿಲ್ಲ, ಎಲ್ಲೂ ತುಂಡಾಗಿಲ್ಲ. ಕೊಂಡಿಗೆ ಕೊಂಡಿ ಉಜ್ಜಿ, ಕುತ್ತಿಗೆಗೆ, ರವಿಕೆಗೆ ಉಜ್ಜಿ ಸವೆದುಹೋಗಿದೆ. ಕೊಕ್ಕೆ ಸಿಗಿಸುವ ಕಡೆಯ ಕೊಂಡಿಯನ್ನು ಬೆಳಕಿಗೆ ಹಿಡಿದರೆ ಒಂದು ಬದಿ ದಾರದಷ್ಟು ತೆಳ್ಳಗಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ನಾನು ನೋಡದೇ ಇದ್ದಿದ್ದರೆ ಇನ್ನಾರು ತಿಂಗಳಲ್ಲಿ ಬಸ್ಸಿನಲ್ಲೋ ಸಂತೆಯಲ್ಲೋ ಜಾರಿ ಬೀಳುತ್ತಿತ್ತು.

ಒಡವೆ ಕೊಂಡ ದಿನ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಹೊಳಪು ಚೆನ್ನಾಗಿದೆ, ಡಬ್ಬಿ ಚೆನ್ನಾಗಿದೆ, ಕಾಫಿ ಕೊಟ್ಟರು ಅಂತ. ಆದರೆ ಅದೇ ಉಂಗುರ ಐದು ವರ್ಷ ಪಾತ್ರೆ ತಿಕ್ಕಿ, ಹಿಟ್ಟು ಕಲಸಿ, ಬಟ್ಟೆ ಒಗೆದ ಕೈಯಲ್ಲಿದ್ದರೆ ಏನಾಗುತ್ತದೆ ಅನ್ನೋದನ್ನ ಬರೆದವರು ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಶುರುವಾಗಿದ್ದು ಅಮ್ಮ ಕೊಟ್ಟ ನಾಲ್ಕು ಹಳೇ ಬಳೆಗಳಿಂದ. ಮೈಸೂರಿನಲ್ಲಿ ನಮ್ಮ ತವರಿಗೆ ಮೊದಲಿನಿಂದಲೂ ಒಡವೆ ಮಾಡಿಕೊಡುತ್ತಿದ್ದ ಅಕ್ಕಸಾಲಿ ಆಚಾರ್ರ ಹತ್ತಿರ ತೆಗೆದುಕೊಂಡು ಹೋದೆ. ತೂಕ 40.2 ಗ್ರಾಂ. ನನ್ನ ಎದುರಿಗೇ ಕರಗಿಸಿದರು. ಬೆಸುಗೆ ಜಾಗದ ಕೊಳೆ, ಒಳಗೆ ಸೇರಿದ್ದ ಅರಗು ಎಲ್ಲ ಸುಟ್ಟು 38.6ಕ್ಕೆ ಇಳಿಯಿತು. ಗಟ್ಟಿಯನ್ನು ಶುದ್ಧತೆ ಅಳೆಯುವ ಕ್ಯಾರೆಟ್ ಮಷೀನಿಗೆ ಇಟ್ಟರೆ ನೂರಕ್ಕೆ 87.4 ಪಾಲು ಚಿನ್ನ ಅಂತ ತೋರಿಸಿತು. ಅಮ್ಮ ಅದನ್ನು ಅಪ್ಪಟ 22 ಕ್ಯಾರೆಟ್ ಅಂತಲೇ ನಂಬಿದ್ದರು. 22 ಅಂದರೆ ಸಾವಿರಕ್ಕೆ 916 ಪಾಲು, ಅಂದರೆ ನೂರಕ್ಕೆ 91.6, ಚಿನ್ನ ಇರಬೇಕು. ಹಳೇ ಬೆಸುಗೆಯಲ್ಲಿ ತಾಮ್ರ, ಬೆಳ್ಳಿ ಜಾಸ್ತಿ ಇರುತ್ತಿದ್ದರಿಂದ ಬೆಸುಗೆ ಹೆಚ್ಚಿದ್ದ ಒಡವೆಯಲ್ಲಿ ಒಟ್ಟು ಲೆಕ್ಕ ಕೆಳಗಿಳಿಯುತ್ತದೆ. ಕೊನೆಗೆ 916ರ ಲೆಕ್ಕದಲ್ಲಿ ನನ್ನ ಕೈಗೆ ಬಂದಿದ್ದು 36.8 ಗ್ರಾಂ. ಬೇಜಾರಾಯಿತು ನಿಜ. ಆದರೆ ಪ್ರತಿ ಹಂತವನ್ನೂ ಕಣ್ಣಾರೆ ನೋಡಿದ್ದರಿಂದ ಅನುಮಾನ ಉಳಿಯಲಿಲ್ಲ. ಹಳೇ ಚಿನ್ನ ಕೊಡುವವರು ದಯವಿಟ್ಟು ಕರಗಿಸುವಾಗ ಪಕ್ಕದಲ್ಲೇ ನಿಂತಿರಿ.

ಆಚಾರ್ರು ಮೊದಲು ಕೇಳಿದ್ದು ಡಿಸೈನ್ ಅಲ್ಲವೇ ಅಲ್ಲ. "ದಿನಾ ಹಾಕ್ಕೋತೀರಾ, ಇಲ್ಲ ಹಬ್ಬಕ್ಕೆ ಮಾತ್ರನಾ ತಾಯಿ?" ಅಂದರು. ಆಗ ಆ ಪ್ರಶ್ನೆಯ ಬೆಲೆ ನನಗೆ ಗೊತ್ತಾಗಲಿಲ್ಲ. ಅತ್ತೆ ಕೊಟ್ಟಿದ್ದ ಒಂದು ಪಚ್ಚೆ ಹರಳಿತ್ತು. ಅದನ್ನು ದಿನವೂ ಹಾಕುವ ಉಂಗುರ ಮಾಡಿಕೊಡಿ, 22 ಕ್ಯಾರೆಟ್ಟಿನಲ್ಲೇ ಬೇಕು, ಹರಳು ಎತ್ತರಕ್ಕೆ ಕಾಣಬೇಕು ಅಂತ ಹಟ ಮಾಡಿದೆ. "22 ಮೆತ್ತಗಮ್ಮ, ಹರಳು ಹಿಡಿಯೋ ಕಾಲು ನಿಲ್ಲಲ್ಲ. 18ರಲ್ಲಿ ಮಾಡೋಣ, ಸುತ್ತ ಪಟ್ಟಿ ಕಟ್ಟೋಣ" ಅಂದರು. 18 ಅಂದರೆ ಕಡಿಮೆ ಚಿನ್ನ, ಮನೆಯಲ್ಲಿ ಏನಂದುಕೊಳ್ಳುತ್ತಾರೋ ಅನ್ನಿಸಿತು. ಅವರ ಮಾತು ಕೇಳಲಿಲ್ಲ.

ಮೂರನೇ ವರ್ಷ, ಒಂದು ಬೆಳಿಗ್ಗೆ ಚಪಾತಿ ಹಿಟ್ಟು ನಾದುತ್ತಿದ್ದೆ. ಕೈ ತೊಳೆದು ನೋಡಿದರೆ ಉಂಗುರದಲ್ಲಿ ಹರಳೇ ಇಲ್ಲ. ನಾಲ್ಕು ಕಾಲು ಮಾತ್ರ ಬಾಯಿ ತೆರೆದುಕೊಂಡು ನಿಂತಿವೆ. ಎದೆ ಝಲ್ ಅಂತು. ಸಿಂಕಿನ ಪೈಪು ಬಿಚ್ಚಿಸಿದೆ, ಕಸದ ಬುಟ್ಟಿ ಸುರಿದೆ. ಕೊನೆಗೆ ನಾದಿಟ್ಟಿದ್ದ ಹಿಟ್ಟನ್ನು ಚೂರು ಚೂರು ಮಾಡಿ ಹಿಸುಕಿದಾಗ ಬೆರಳಿಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಹಿಟ್ಟು ಮೆತ್ತಿಕೊಂಡ ಹಸಿರು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆ ತಿಂಗಳು ಆಚಾರ್ರು ಊರಲ್ಲಿರಲಿಲ್ಲ. ದೊಡ್ಡ ಅಂಗಡಿಯೊಂದಕ್ಕೆ ಕೊಟ್ಟೆ. ಹರಳು ಕೂರಿಸಿ, "ಫ್ರೀಯಾಗಿ ಕ್ಲೀನ್ ಮಾಡಿಕೊಡ್ತೀವಿ ಮೇಡಂ" ಅಂತ ನೀರನ್ನು ಅದುರಿಸಿ ಕೊಳೆ ಬಿಡಿಸುವ ಅಲ್ಟ್ರಾಸಾನಿಕ್ ಮಷೀನಿಗೆ ಹಾಕಿದರು. ವಾಪಸ್ ಬಂದ ಪಚ್ಚೆಯಲ್ಲಿ ಮೊದಲು ಕಾಣದಿದ್ದ ಬಿಳಿ ಬಿರುಕುಗಳು. ಆಮೇಲೆ ತಿಳಿದಿದ್ದು ಇಷ್ಟು. ಪಚ್ಚೆಗೆ ಹುಟ್ಟಿನಿಂದಲೇ ಒಳಗೆ ಬಿರುಕು ಇರುತ್ತವೆ. ಅವು ಕಾಣಬಾರದು ಅಂತ ಎಣ್ಣೆ ಕುಡಿಸುತ್ತಾರೆ. ಇದು ಮೋಸವೇನಲ್ಲ, ಹರಳಿನ ವ್ಯಾಪಾರದಲ್ಲಿ ಎಲ್ಲರೂ ಒಪ್ಪಿಕೊಂಡ ಪದ್ಧತಿ. ಆದರೆ ಬಿಸಿನೀರು, ಜೋರಾದ ಸೋಪು, ಅಲ್ಟ್ರಾಸಾನಿಕ್ ಮಷೀನು ಆ ಎಣ್ಣೆಯನ್ನು ಹೊರಗೆಳೆದುಬಿಡುತ್ತವೆ. ಮಷೀನಿನ ಅದುರಾಟಕ್ಕೆ ಬಿರುಕು ದೊಡ್ಡದಾಗುವುದೂ ಉಂಟು. ಕೌಂಟರಿನ ಹುಡುಗನಿಗೆ ಇದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆಚಾರ್ರು ಹರಳನ್ನು ಜೈಪುರಕ್ಕೆ ಕಳಿಸಿ ಮತ್ತೆ ಎಣ್ಣೆ ಹಾಕಿಸಿಕೊಟ್ಟರು. ಮುಕ್ಕಾಲು ಭಾಗ ಮೊದಲಿನ ಹಾಗಾಯಿತು.

ಕೆಂಪಿನ, ಅಂದರೆ ಮಾಣಿಕ್ಯದ, ಕಥೆ ಇನ್ನೂ ದೊಡ್ಡದು. ನನ್ನ ಹತ್ತಿರ ಎರಡು ಬಗೆಯ ಕೆಂಪು ಇದ್ದವು. ಒಂದು, ಅಜ್ಜಿಯ ಏಳು ಹರಳಿನ ಬೆಂಡೋಲೆ. ಬರ್ಮಾ ಕೆಂಪು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಇನ್ನೊಂದು, 2018ರಲ್ಲಿ ನಾನೇ ದುಡ್ಡು ಕೂಡಿಸಿ ಕೊಂಡ ಮಾಣಿಕ್ಯದ ಉಂಗುರ. ಬಿಲ್ಲಿನ ಮೇಲೆ "ನ್ಯಾಚುರಲ್ ರೂಬಿ" ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅಷ್ಟು ದೊಡ್ಡ ಹರಳು ಅಷ್ಟು ಕಡಿಮೆ ಬೆಲೆಗೆ ಹೇಗೆ ಸಿಕ್ಕಿತು ಅಂತ ಆಗಲೇ ಕೇಳಿಕೊಳ್ಳಬೇಕಿತ್ತು.

ಎರಡನೇ ವರ್ಷ ಬೇಸಿಗೆಯಲ್ಲಿ ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕಿದೆ. ನೂರು ಹಣ್ಣು, ಉಂಗುರ ಕೈಯಲ್ಲೇ ಇತ್ತು. ಸಂಜೆ ನೋಡಿದರೆ ಹರಳಿನ ಮೇಲೆ ಜೇಡರ ಬಲೆ ಎಳೆದ ಹಾಗೆ ಬಿಳಿ ಗೆರೆಗಳು. ಸೋಪಿನಲ್ಲಿ ತೊಳೆದೆ, ಹಳೇ ಬ್ರಷ್ಷಿನಲ್ಲಿ ಉಜ್ಜಿದೆ, ಹೋಗಲಿಲ್ಲ. ರತ್ನಗಳನ್ನು ಪರೀಕ್ಷೆ ಮಾಡುವ ಲ್ಯಾಬಿಗೆ ಕಳಿಸಿದೆ. ಸೀಸದ ಗಾಜು ತುಂಬಿದ ಮಾಣಿಕ್ಯ ಅಂತ ವರದಿ ಬಂತು. ಮೈತುಂಬ ಬಿರುಕಿರುವ ಅಗ್ಗದ ಕಲ್ಲಿಗೆ ಕರಗಿದ ಗಾಜು ತುಂಬಿಸಿ ತಿಳಿಯಾಗಿ ಕಾಣುವ ಹಾಗೆ ಮಾಡುತ್ತಾರೆ. ಆ ಗಾಜನ್ನು ನಿಂಬೆರಸ ತಿಂದುಹಾಕಿತ್ತು. ಅಂಗಡಿಗೆ ಹೋಗಿ ಕೇಳಿದರೆ, "ಕಲ್ಲು ನ್ಯಾಚುರಲ್ಲೇ ಮೇಡಂ, ನಾವು ಸುಳ್ಳು ಬರೆದಿಲ್ಲ" ಅಂದರು. ವಾಪಸ್ ತೆಗೆದುಕೊಳ್ಳಲಿಲ್ಲ. ಬರೆದ ಪದ ಸುಳ್ಳಲ್ಲ ಇರಬಹುದು, ಆದರೆ ಹೇಳಲೇಬೇಕಾದ ಮಾತನ್ನು ಮುಚ್ಚಿಟ್ಟಿದ್ದರು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಅದೇ ಸಿಟ್ಟಿನಲ್ಲಿ ಅಜ್ಜಿಯ ಬೆಂಡೋಲೆಯನ್ನೂ ಪರೀಕ್ಷೆಗೆ ಕೊಟ್ಟೆ. ಅವು ಕಾರ್ಖಾನೆಯಲ್ಲಿ ಬೆಳೆಸಿದ ಕೆಂಪು! ಭೂತಗನ್ನಡಿ ಕೆಳಗೆ ಬಾಗಿದ ಸಣ್ಣ ಗೆರೆಗಳನ್ನು ತೋರಿಸಿದರು. ನೆಲದಲ್ಲಿ ಬೆಳೆದ ಹರಳಿನಲ್ಲಿ ಬೆಳವಣಿಗೆಯ ಗೆರೆ ನೇರವಾಗಿರುತ್ತದಂತೆ. ಫ್ರಾನ್ಸಿನ ವರ್ನೂಯಿ ಅನ್ನುವವರು ಉರಿಯಲ್ಲಿ ಪುಡಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲೇ ಹೊರಗೆ ತಂದಿದ್ದರು. ಅಂದರೆ ಅಜ್ಜಿ ಮದುವೆಯ ಕಾಲಕ್ಕೆ ಆ ಕೆಂಪು ಹಳೇ ಸರಕು. ಸ್ವಲ್ಪ ಹೊತ್ತು ಸಂಕಟವಾಯಿತು. ಆದರೆ ಓಲೆಯನ್ನು ಕೈಯಲ್ಲಿ ಹಿಡಿದು ನೋಡಿದರೆ 60 ವರ್ಷದ ಮೇಲೂ ಒಂದು ಗೀರಿಲ್ಲ, ಒಂದು ಹರಳು ಮಂಕಾಗಿಲ್ಲ. ವಸ್ತು ಅದೇ ತಾನೇ, ಗಡಸುತನದ ಅಳತೆಯಲ್ಲಿ ವಜ್ರ 10 ಆದರೆ ಮಾಣಿಕ್ಯ 9, ಬೆಳೆಸಿದ್ದೂ ಅಷ್ಟೇ ಗಟ್ಟಿ. ನನ್ನ ಕಣ್ಣಿಗೆ ಇವತ್ತು ಆ "ನ್ಯಾಚುರಲ್" ಉಂಗುರಕ್ಕಿಂತ ಅಜ್ಜಿಯ ಓಲೆಯೇ ದೊಡ್ಡದು.

ಎಲ್ಲಕ್ಕಿಂತ ತೃಪ್ತಿ ಕೊಟ್ಟಿದ್ದು ನೀಲದ ಉಂಗುರ. ಶ್ರೀಲಂಕಾದ ಕಲ್ಲು, 2.1 ಕ್ಯಾರೆಟ್. ಹರಳಿನ ಕ್ಯಾರೆಟ್ ಅಂದರೆ ತೂಕ, ಒಂದಕ್ಕೆ 200 ಮಿಲಿಗ್ರಾಂ. ಚಿನ್ನದ ಕ್ಯಾರೆಟ್ ಅಂದರೆ ಶುದ್ಧತೆ. ಇದನ್ನು ಗೊಂದಲ ಮಾಡಿಕೊಳ್ಳುವವರು ಜಾಸ್ತಿ. ಬಣ್ಣ ಚೆನ್ನಾಗಲಿ ಅಂತ ಕಾಯಿಸಿದ ಕಲ್ಲು ಅಂತ ವರದಿಯಲ್ಲೇ ಇದೆ, ಅದಕ್ಕೆ ತಕ್ಕ ಬೆಲೆಯನ್ನೇ ಕೊಟ್ಟೆ. ಈ ಸಲ ಆಚಾರ್ರು ಹೇಳಿದ ಹಾಗೆ 18 ಕ್ಯಾರೆಟ್, ಹರಳು ತಗ್ಗಿನಲ್ಲಿ, ಸುತ್ತ ಚಿನ್ನದ ಪಟ್ಟಿ ಮಡಚಿದ ಕಟ್ಟು. ಏಳು ವರ್ಷದಿಂದ ಬೆರಳಿನಲ್ಲೇ ಇದೆ. ಚಿನ್ನದ ಮೇಲೆ ಗೀರು ಬಿದ್ದಿವೆ, ಹರಳಿನ ಅಂಚು ಮಾತ್ರ ಮೊದಲ ದಿನದಷ್ಟೇ ಚೂಪಾಗಿದೆ. ತಂಗಿ ಅದೇ ವರ್ಷ ಕೊಂಡ ನೇರಳೆ ಬಣ್ಣದ ಅಮೆಥಿಸ್ಟ್ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಅದರ ಗಡಸು 7. ಮನೆಯ ಧೂಳಿನಲ್ಲಿರುವ ಮರಳಿನ ಕಣದ ಗಡಸೂ 7. ದಿನಾ ಒರೆಸಿ ಒರೆಸಿಯೇ ಅವಳ ಹರಳಿನ ಅಂಚೆಲ್ಲ ಮೊಂಡಾಗಿವೆ.

ಮುತ್ತಿನ ಸರ ಹಬ್ಬಕ್ಕೆ ಮಾತ್ರ. ಮುತ್ತು ತೀರಾ ಮೆತ್ತಗೆ, ಬೆವರು, ಸೆಂಟು ಎರಡೂ ಆಗಿಬರುವುದಿಲ್ಲ. ಸೀರೆ ಉಟ್ಟು, ಸೆಂಟು ಹಾಕಿಕೊಂಡು, ಕೊನೆಗೆ ಮುತ್ತು. ಬಿಚ್ಚುವಾಗ ಮೊದಲು ಅದೇ. ಎರಡು ವರ್ಷಕ್ಕೊಮ್ಮೆ ರೇಷ್ಮೆ ದಾರದಲ್ಲಿ, ಮುತ್ತು ಮುತ್ತಿಗೂ ಗಂಟು ಹಾಕಿಸಿ ಪೋಣಿಸಿಕೊಳ್ಳುತ್ತೇನೆ. ಯಜಮಾನರ ವೈಟ್ ಗೋಲ್ಡ್ ಉಂಗುರ ನಮಗೆ ಸರಿಹೋಗಲಿಲ್ಲ. ಆ ಬೆಳ್ಳಗಿನ ಹೊಳಪು ರೋಡಿಯಂ ಅನ್ನುವ ಬಿಳಿ ಲೋಹದ ಲೇಪದ್ದು. ಎರಡು ವರ್ಷಕ್ಕೆ ಸವೆದು ಒಳಗಿನ ಹಳದಿ ಕಾಣುತ್ತದೆ, ಮತ್ತೆ ಲೇಪ ಹಾಕಿಸಬೇಕು. ಇಷ್ಟರಲ್ಲೇ ಮೂರು ಸಲ ಆಯಿತು.

ವಜ್ರದ ಮೂಗುಬೊಟ್ಟಿನ ಬಗ್ಗೆ ಒಂದು ಮಾತು. ಮಂಕಾಯಿತು ಅಂತ ಗಾಬರಿಯಾಗಬೇಡಿ. ವಜ್ರಕ್ಕೆ ಜಿಡ್ಡು ಬಲು ಬೇಗ ಅಂಟುತ್ತದೆ. ಗಣಿಗಳಲ್ಲಿ ಗ್ರೀಸು ಬಳಿದ ಮೇಜಿನ ಮೇಲೆ ನೀರಿನ ಜೊತೆ ಕಲ್ಲು ಹರಿಸಿ, ಅಂಟಿಕೊಂಡ ವಜ್ರಗಳನ್ನು ಆರಿಸುತ್ತಿದ್ದರು. ಮುಖಕ್ಕೆ ಹಚ್ಚುವ ಕ್ರೀಮು ಸಾಕು ಮಂಕಾಗೋದಕ್ಕೆ. ಅಂಟುವಾಳದ ಕಾಯಿ ನೆನೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಮಗುವಿನ ಹಲ್ಲಿನ ಬ್ರಷ್ಷಿನಲ್ಲಿ ಹಿಂಬದಿಯಿಂದ ಉಜ್ಜಿದರೆ ಮತ್ತೆ ಫಳಫಳ. ಹಿಂದೆ ತಗಡು ಇಟ್ಟು ಮುಚ್ಚಿದ ಕಟ್ಟಿನ ಓಲೆಗಳನ್ನು ಮಾತ್ರ ನೀರಿಗೆ ಹಾಕಬೇಡಿ. ನೀರು ಒಳಗೆ ಹೋದರೆ ತಗಡು ಕಪ್ಪಾಗಿ ಹರಳೇ ಸತ್ತ ಹಾಗೆ ಕಾಣುತ್ತದೆ.

ಹಾಲ್‌ಮಾರ್ಕ್, ಅಂದರೆ ಚಿನ್ನದ ಶುದ್ಧತೆಯ ಸರ್ಕಾರಿ ಗುರುತಿನ ಬಗ್ಗೆ ಕೇಳುವವರಿಗೆ: 2021ರ ಜೂನ್‌ನಿಂದ ಚಿನ್ನಕ್ಕೆ ಅದು ಕಡ್ಡಾಯವಾಗುತ್ತಾ ಬಂತು. 2023ರ ಏಪ್ರಿಲ್ 1ರಿಂದ ಒಡವೆಗೊಂದರಂತೆ ಕೊಡುವ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಾದ ಎಚ್‌ಯುಐಡಿ ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಆ ಸಂಖ್ಯೆಯನ್ನು ಸರ್ಕಾರಿ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾವ ಒಡವೆ, ಎಷ್ಟು ಶುದ್ಧ ಅಂತ ಬರುತ್ತದೆ. ಅಂಗಡಿಯಲ್ಲೇ ನಿಂತು ನೋಡಿ, ಸಂಕೋಚ ಬೇಡ. 2 ಗ್ರಾಮಿಗಿಂತ ಕಡಿಮೆ ತೂಕದ್ದಕ್ಕೆ ಈ ಕಡ್ಡಾಯ ಇಲ್ಲ, ಹಾಗಾಗಿ ಮೂಗುಬೊಟ್ಟು, ಮಕ್ಕಳ ಓಲೆ ಕೊಳ್ಳುವಾಗ ಇನ್ನೂ ಹುಷಾರು. ಒಂದು ನೆನಪಿಡಿ, ಆ ಗುರುತು ಚಿನ್ನದ ಬಗ್ಗೆ ಮಾತ್ರ ಹೇಳುತ್ತದೆ. ಹರಳಿನ ಬಗ್ಗೆ ಒಂದು ಅಕ್ಷರವೂ ಇಲ್ಲ. ನನ್ನ ಗಾಜು ತುಂಬಿದ ಮಾಣಿಕ್ಯ ಕೂತಿದ್ದು ಹಾಲ್‌ಮಾರ್ಕ್ ಇರುವ ಉಂಗುರದಲ್ಲೇ. ಹರಳಿಗೆ ಬೇರೆ ವರದಿ ಕೇಳಿ. "ನ್ಯಾಚುರಲ್" ಅನ್ನುವ ಪದ ನೋಡಿ ಮಡಚಿಡಬೇಡಿ, ಕಾಯಿಸಿದ್ದೋ, ಎಣ್ಣೆ ಹಾಕಿದ್ದೋ, ಗಾಜು ತುಂಬಿದ್ದೋ ಅಂತ ಬರೆದಿರುವ ಸಾಲನ್ನು ಓದಿ.

ಆಚಾರ್ರ ಕೆಲಸದ ಬಗ್ಗೆ ನನಗಿರುವ ದೂರು ಒಂದೇ, ಹೊತ್ತಿಗೆ ಕೊಡುವುದಿಲ್ಲ. ಗೌರಿ ಹಬ್ಬಕ್ಕೆ ಬೇಕು ಅಂದ ಸರ ದಸರಾ ಮುಗಿದ ಮೇಲೆ ಬಂತು, ನಾನು ಅತ್ತೇಬಿಟ್ಟಿದ್ದೆ. ಡಿಸೈನೂ ಕಡಿಮೆ. ಆದರೆ 12 ವರ್ಷದಲ್ಲಿ ಅವರು ಕಟ್ಟಿದ ಒಂದು ಹರಳೂ ಅವರು ಹೇಳಿದ ರೀತಿಯಲ್ಲಿ ಕಟ್ಟಿದ್ದಾಗ ಬಿದ್ದಿಲ್ಲ. ಪ್ರತಿ ಯುಗಾದಿ ಹೊತ್ತಿಗೆ ಎಲ್ಲ ಒಡವೆ ಒಯ್ಯುತ್ತೇನೆ. ಹಳೇ ರೇಷ್ಮೆ ಸೀರೆಯ ಒಂದೆಳೆ ತೆಗೆದು ಹರಳಿನ ಮೇಲೆ ಎಳೆಯುತ್ತಾರೆ. ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಆ ಕಾಲು ಎದ್ದಿದೆ ಅಂತ ಅರ್ಥ. ಆಮೇಲೆ ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟುತ್ತಾರೆ. ಹರಳು ಸಡಿಲವಿದ್ದರೆ ಟಿಕ್ ಟಿಕ್ ಅಂತ ಸಣ್ಣ ಸದ್ದು ಬರುತ್ತದೆ. ಇವೆರಡನ್ನೂ ನಾನೀಗ ಮನೆಯಲ್ಲೇ ತಿಂಗಳಿಗೊಮ್ಮೆ ಮಾಡುತ್ತೇನೆ.

ಸರದ ಕೊನೆಯ ಕೊಂಡಿ ಬದಲಿಸಲು ಹೋದಾಗ ಪಚ್ಚೆಯನ್ನೂ ಒಯ್ದಿದ್ದೆ. ಇನ್ನು ಅದು ಕೈಗೆ ಬೇಡ, ಕೊರಳಿಗೆ ಹೋಗಲಿ ಅಂತ ತೀರ್ಮಾನ ಮಾಡಿದೆವು. 18 ಕ್ಯಾರೆಟ್ಟಿನ ಸಣ್ಣ ಪದಕ, ಸುತ್ತ ಪಟ್ಟಿ, ಹಿಂದೆ ತೆರೆದ ಕಟ್ಟು. ಆಚಾರ್ರು ಹಳೇ ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದು ತೋರಿಸಿದರು. ಸುಮಾರು ನಾಲ್ಕು ಗ್ರಾಂ ಆಗಬಹುದಂತೆ. ಮೂರು ವಾರ ಅಂದಿದ್ದಾರೆ, ನಾನು ಆರು ಅಂತ ಬರೆದುಕೊಂಡಿದ್ದೇನೆ. ಈ ಸಲ ಅವರು "ದಿನಾನಾ, ಹಬ್ಬಕ್ಕಾ?" ಅಂತ ಕೇಳುವ ಮೊದಲೇ "ಹಬ್ಬಕ್ಕೆ ಮಾತ್ರ, ಆಚಾರ್ರೇ" ಅಂತ ಹೇಳಿದೆ.