ತ್ಸುಬುರಾಯಾವೋ ತೋಯೆಯೋ: ಯಾವುದನ್ನು ಮೊದಲು ನೋಡಬೇಕು?

ಜಪಾನಿನ ಮುಖವಾಡದ ವೀರರ ಹಳೆಯ ಸರಣಿಗಳಿಗೆ ಕೈಹಾಕುವವರು ಮೊದಲು ಸ್ಟುಡಿಯೋ ಆರಿಸಿಕೊಳ್ಳುವುದು ಒಳ್ಳೆಯದು.

ತ್ಸುಬುರಾಯಾ ಕುಶಲಕರ್ಮಿಗಳ ಮನೆ. 1954ರ ‘ಗಾಡ್ಜಿಲ್ಲಾ’ದ ತಂತ್ರದೃಶ್ಯಗಳನ್ನು ರೂಪಿಸಿದ ಐಜಿ ತ್ಸುಬುರಾಯಾ 1963ರಲ್ಲಿ ಇದನ್ನು ಕಟ್ಟಿದರು, 1966ರಲ್ಲಿ ದೈತ್ಯ ವೀರನ ‘ಅಲ್ಟ್ರಾಮ್ಯಾನ್’ ಸರಣಿ ಬಂತು. ಮೇಜಿನೆತ್ತರದ ಕಟ್ಟಡಗಳು, ನಡುವೆ ರಬ್ಬರ್ ಉಡುಪು ತೊಟ್ಟು ಬೆವರುವ ನಟ. ಕ್ಯಾಮೆರಾವನ್ನು ಹೆಚ್ಚು ವೇಗದಲ್ಲಿ ಓಡಿಸಿ ಸೆರೆಹಿಡಿದದ್ದನ್ನು ಸಾಮಾನ್ಯ ವೇಗದಲ್ಲಿ ತೋರಿಸಿದರೆ ಆಟಿಕೆಯಂಥ ಗೋಡೆಯೂ ಭಾರವಾಗಿ ಕುಸಿಯುತ್ತದೆ. ವೀರನ ಎದೆಯ ನೀಲಿ ದೀಪ ಕೆಂಪಾಗಿ ಮಿನುಗಿತೋ, ಅವನು ದೈತ್ಯರೂಪದಲ್ಲಿ ಇರಬಲ್ಲ ಮೂರು ನಿಮಿಷದ ಗಡುವು ಮುಗಿಯುತ್ತಾ ಬಂತೆಂದೇ ಲೆಕ್ಕ. ಈ ದೀಪಕ್ಕೆ ನಾನು ಇಂದಿಗೂ ಸೋಲುತ್ತೇನೆ.

ತೋಯೆ 1951ರ ದೊಡ್ಡ ಸಂಸ್ಥೆ, ಕತ್ತಿವರಸೆಯ ಚಿತ್ರಗಳಲ್ಲಿ ಪಳಗಿದ್ದು. ಅದರ ‘ಕಾಮೆನ್ ರೈಡರ್’ (1971) ಮನುಷ್ಯನಷ್ಟೇ ಎತ್ತರದವನು. ಪುಟ್ಟ ನಗರದ ಖರ್ಚಿಲ್ಲ, ಬೈಕು ಮತ್ತು ಒದೆ ಸಾಕು. ನಾಯಕ ಹಿರೋಶಿ ಫುಜಿಯೋಕಾ ಬೈಕ್ ಸಾಹಸದಲ್ಲಿ ಕಾಲು ಮುರಿದುಕೊಂಡಾಗ ಎರಡನೆಯ ರೈಡರ್‌ನನ್ನೇ ಕಥೆಗೆ ತಂದರು! ‘ಪವರ್ ರೇಂಜರ್ಸ್’ ನೋಡಿ ಬೆಳೆದವರಿಗೆ ತೋಯೆ ಹೊಸದಲ್ಲ, ಆ ಅಮೆರಿಕನ್ ಸರಣಿಯ ಅನೇಕ ಹೊಡೆದಾಟದ ದೃಶ್ಯಗಳು ಇಲ್ಲಿಂದಲೇ ಹೋದವು.

ಸಮಯ ಕಡಿಮೆಯೇ? 39 ಕಂತಿನ ‘ಅಲ್ಟ್ರಾಮ್ಯಾನ್’ ಹಿಡಿಯಿರಿ. ‘ರೈಡರ್’ಗೆ 98 ಕಂತುಗಳ ತಾಳ್ಮೆ ಬೇಕು.